ಮುರುಗೆಪ್ಪನವರ ಬೂದಿಪುಡಿ

ಬೂದಿ ಎಲ್ಲೆಲ್ಲಿ ಹೋಗಿ ಕೂರುತ್ತದೆ ಎಂಬುದು ಬೂದಿಯ ಮನೆಯಲ್ಲಿ ಬಾಳ್ವೆ ಮಾಡಿದವರಿಗೇ ಗೊತ್ತು. ಚಹಾದ ಕೆನೆಯ ಮೇಲೆ ಕೂರುತ್ತದೆ. ಉಪ್ಪಿನ ಡಬ್ಬಿಯೊಳಗೆ, ದೇವರ ಜಗಲಿಯ ಮೇಲೆ, ಮಲಗಿದ ಕೂಸಿನ ರೆಪ್ಪೆಗಳ ಮೇಲೆ ಕೂರುತ್ತದೆ. ಸೀನಿದರೆ ಸೆರಗು ಬೂದುಬಣ್ಣವಾಗುತ್ತದೆ. ಬೈರಿದೇವರಕೊಪ್ಪದ ಮುರುಗೆಪ್ಪನವರ ಮನೆಗೆ ಸೊಸೆಯಾಗಿ ಬಂದ ಸೌಮ್ಯಾ ಮೊದಲ ವರ್ಷ ಇದನ್ನೆಲ್ಲ ಹಲ್ಲು ಕಚ್ಚಿ ಸಹಿಸಿದಳು. ಹಲ್ಲು ಕಚ್ಚಿದರೂ ನಡುವೆ ಕರಕರ ಎನ್ನುತ್ತಿದ್ದದ್ದು ಬೂದಿಯೇ.

ಮುರುಗೆಪ್ಪನವರದು ಮೊದಲು ಹತ್ತಿ ವ್ಯಾಪಾರ. ಅದು ಕೈಕೊಟ್ಟ ಮೇಲೆ ಕೆಲವು ವರ್ಷ ಜಗಲಿಯ ಮೇಲೆ ಕುಳಿತು ಪೇಪರು ಓದಿದರು. ಓದಿ ಓದಿ ಅವರಿಗೆ ಪರಿಸರದ ಹುಚ್ಚು ಹಿಡಿಯಿತು. ಊರ ಹಳ್ಳದಲ್ಲಿ ಮಂಚದೆತ್ತರ ನೊರೆ ತೇಲುವುದನ್ನು ಕಂಡವರೇ, ಸಾಬೂನು ಪುಡಿಯ ಕಂಪನಿಗಳು ನಾಡನ್ನೇ ಹಾಳು ಮಾಡುತ್ತಿವೆ ಎಂದು ಸಿಕ್ಕಸಿಕ್ಕವರಿಗೆ ಹೇಳತೊಡಗಿದರು. ಮದುವೆಗೆ ಹೋದರೆ ಊಟದ ಪಂಕ್ತಿಯಲ್ಲಿ, ಮಣ್ಣಿಗೆ ಹೋದರೆ ಹೆಣ ಏಳುವ ಮೊದಲು, ಅದೇ ಮಾತು. ಕೊನೆಗೆ ಎರಡು ಸಾವಿರದ ಒಂದನೇ ಇಸವಿಯಲ್ಲಿ ಹಿತ್ತಲಲ್ಲಿ ತಗಡಿನ ಶೆಡ್ ಹಾಕಿಸಿ, ಬೂದಿಗೆ ಅಂಟವಾಳದ ಪುಡಿ, ಸೀಗೆಪುಡಿ ಬೆರೆಸಿ, 'ಶುಭ್ರ ಭಸ್ಮ' ಎಂಬ ಅರಿವೆ ತೊಳೆಯುವ ಪುಡಿ ಹೊರಡಿಸಿಯೇ ಬಿಟ್ಟರು. ಪಾಕೀಟಿನ ಮೇಲೆ ನಗುವ ಕೂಸಿನ ಚಿತ್ರ.

ಪುಡಿಯಲ್ಲಿ ಮೋಸವಿರಲಿಲ್ಲ, ಅದನ್ನು ಒಪ್ಪಬೇಕು. ರಾತ್ರಿ ನೆನೆಹಾಕಿ ಬೆಳಿಗ್ಗೆ ಕುಕ್ಕಿದರೆ ಅರಿವೆಯ ಜಿಡ್ಡು ಬಿಡುತ್ತಿತ್ತು. ಸೌಮ್ಯಾಳ ಕೂಸಿಗೆ ಅಂಗಡಿಯ ಪುಡಿಯಿಂದ ತೊಡೆಸಂದಿಯಲ್ಲಿ ಕೆಂಪು ಗುಳ್ಳೆ ಎದ್ದಿದ್ದವು. ಬೂದಿಪುಡಿಯಲ್ಲಿ ಲಂಗೋಟಿ ಒಗೆಯಲು ಶುರು ಮಾಡಿದ ಮೇಲೆ ಅವು ಮಾಯವಾದವು. ಓಣಿಯ ಬಾಣಂತಿಯರೆಲ್ಲ ಬಂದು ಕೂಸಿನ ಕಾಲು ಎತ್ತಿ ನೋಡಿ, ಪಾಕೀಟು ಒಯ್ದರು. ಮಾವನಿಗೆ ಹಿಗ್ಗೋ ಹಿಗ್ಗು. ತಾವೇ ದಿನಾ ಮುಂಜಾನೆ ಆ ಬೂದಿಯಲ್ಲಿ ಹಲ್ಲು ತಿಕ್ಕುತ್ತಿದ್ದರು. "ಕಂಪನಿ ಪುಡಿ ಬಾಯಾಗ ಹಾಕ್ಕೊಂಡ ತೋರಸ್ರಿ ನೋಡೂಣು" ಎಂದು ಬಂದವರಿಗೆ ಸವಾಲು ಹಾಕುತ್ತಿದ್ದರು.

ಬೂದಿ ತರುತ್ತಿದ್ದವನು ಮೈಲಾರಿ. ಕುರಿ ಮಾರಿ ಟೆಂಪೋ ಕೊಂಡ ಮನುಷ್ಯ. ಬೇಕರಿ, ಹೋಟೆಲುಗಳ ಒಲೆಯ ಬೂದಿಯನ್ನು ಗೋಣಿಚೀಲದಲ್ಲಿ ತುಂಬಿ ತಂದು ಹಿತ್ತಲಿಗೆ ಸುರಿಯುತ್ತಿದ್ದ. ಅದನ್ನು ಜರಡಿ ಹಿಡಿಯುವವಳು ಬಾಳವ್ವ. ಅವಳು ಹಳ್ಳದಾಚೆಯ ಕೇರಿಯವಳು. ಹಾಗಾಗಿ ಹಿತ್ತಲ ಬಾಗಿಲಿನಿಂದಲೇ ಬರುವುದು, ಹಿತ್ತಲ ಬಾಗಿಲಿನಿಂದಲೇ ಹೋಗುವುದು. ಅವಳ ಚಹಾದ ಲೋಟ ಕಂಪೌಂಡಿನ ಗೋಡೆಯ ಮೇಲೆ ಬೋರಲು ಬಿದ್ದಿರುತ್ತಿತ್ತು. ಅವಳು ಜರಡಿ ಹಿಡಿದ ಪುಡಿ ಮಾತ್ರ ಊರ ತುಂಬ ಪಡಸಾಲೆಯಲ್ಲಿ ಕೂರುತ್ತಿತ್ತು. ಬೂದಿಗೆ ಆ ತಾರತಮ್ಯ ಗೊತ್ತಿರಲಿಲ್ಲ, ಪಾಪ.

ಮರುವರ್ಷದ ಬೇಸಿಗೆಯ ಒಂದು ಮಧ್ಯಾಹ್ನ ಬಾಳವ್ವ ಸೌಮ್ಯಾಳನ್ನು ಕರೆದಳು.

"ಅಕ್ಕಾರ, ಸ್ವಲ್ಪ ಈ ಕಡೆ ಬರ್ರಿ. ಅತ್ತಿಯಾರನ್ನ ಕರೀಬ್ಯಾಡ್ರಿ."

ಅವಳ ಅಂಗೈಯಲ್ಲಿ ಒಂದು ಹಲ್ಲು ಇತ್ತು. ಸುಟ್ಟು ಬಿರುಕು ಬಿಟ್ಟ ದವಡೆಹಲ್ಲು. ಬುಡ ಹಳದಿ, ತುದಿ ಕಪ್ಪು. ಪಕ್ಕದಲ್ಲಿ ಸುಣ್ಣದ ಕಡ್ಡಿಯಂಥ ಬಿಳಿಯ ತುಣುಕುಗಳು, ಒಳಗೆ ಜೇನಹುಟ್ಟಿನ ಹಾಗೆ ತೂತುತೂತು.

"ಎಲುವಿನ ಚೂರ ಒಂದೆರಡ ತಿಂಗಳಿಂದ ಬರತಿದ್ವುರಿ. ಸುಣ್ಣದ ಹಳ್ಳ ಇರಬೇಕ ಅಂತ ಸುಮ್ನಿದ್ದೆ. ಇವತ್ತ ಹಲ್ಲು ಬಂತು ನೋಡ್ರಿ" ಎಂದಳು ಬಾಳವ್ವ.

ಸೌಮ್ಯಾ ಹಾಳೆಯೊಂದರಲ್ಲಿ ಹಲ್ಲನ್ನು ಹಾಕಿಕೊಂಡು ಜಗಲಿಯ ಮೇಲಿದ್ದ ಮಾವನ ಮುಂದೆ ಹಿಡಿದಳು. ಮುರುಗೆಪ್ಪನವರು ಚಷ್ಮಾ ಏರಿಸಿ ನೋಡಿದರು. ಮುಖ ಕಪ್ಪಿಟ್ಟಿತು.

"ಎಲುವು! ಲಿಂಗ ಕಟ್ಟಿದವರ ಮನ್ಯಾಗ ಎಲುವು! ಆ ಮೈಲಾರಿ ಸಾವಜಿ ಖಾನಾವಳಿ ಒಲಿ ಬೂದಿ ತಂದ ಸುರದಾನ ನೋಡು. ಕುರಿ ಬೇಸಿದ ಒಲಿ! ನಾ ಅದರಾಗ ಹಲ್ಲ ತಿಕ್ಕೇನೆಲ್ಲೊ ಶಿವನ!"

ಆಮೇಲೆ ಮನೆಯಲ್ಲಿ ನಡೆದದ್ದು ನೋಡುವಂತಿತ್ತು. ಮುರುಗೆಪ್ಪನವರು ನಲ್ಲಿಯ ಕೆಳಗೆ ಬಾಯಿ ಮುಕ್ಕಳಿಸಿದರು, ಉಗುಳಿದರು, ನಾಲಿಗೆಯನ್ನು ಬೆರಳಿನಿಂದ ಕೆರೆದು ಮತ್ತೆ ಉಗುಳಿದರು. ಅತ್ತೆ ಗೌರಕ್ಕ ಮನೆತುಂಬ ನೀರು ಚಿಮುಕಿಸಿ ಊದುಬತ್ತಿ ಹಚ್ಚಿದರು. ಮಗ ಕುಮಾರಸ್ವಾಮಿ ಯಾವ ಕಡೆ ನಿಲ್ಲಬೇಕೆಂದು ತಿಳಿಯದೆ ಬಾಗಿಲಲ್ಲಿ ನಿಂತ. ಸೌಮ್ಯಾಳ ಗಂಡ ಅವನು. ನಿಲ್ಲುವುದರಲ್ಲಿಯೇ ಅವನ ಅರ್ಧ ಆಯುಷ್ಯ ಕಳೆದಿತ್ತು.

ಫೋನು ಮಾಡಿದ್ದಕ್ಕೆ ಮೈಲಾರಿ ಟೆಂಪೋ ತಗೊಂಡೇ ಬಂದ. ಬಂದವನಿಗೆ ಮುರುಗೆಪ್ಪನವರು ಮನೆ ಮೆಟ್ಟಿಲು ಹತ್ತಗೊಡಲಿಲ್ಲ.

"ಖಾನಾವಳಿ ಬೂದಿ ತಂದೀ ಏನಲೇ? ನಮ್ಮ ಜಾತಿ ಕೆಡಸಾಕ ನಿಂತೀ ಏನ?"

ಮೈಲಾರಿ ಕೆನ್ನೆ ಬಡಿದುಕೊಂಡ. "ಬೀರಪ್ಪನ ಆಣಿ ಸಾವಕಾರ್ರ! ಖಾನಾವಳಿ ಬೂದಿ ಒಂದ ಬೊಗಸಿನೂ ತಂದಿಲ್ಲರಿ. ನಿಮ್ಮ ಮನಿ ರೀತಿ ನನಗ ಗೊತ್ತಿಲ್ಲೇನ್ರಿ? ಅಂಥಾ ಪಾಪದ ಕೆಲಸ ನಾ ಮಾಡಂಗಿಲ್ಲ."

"ಹಂಗಾರ ಈ ಹಲ್ಲ ಯಾವ ಕುರೀದು?"

"ಕುರೀದಲ್ರಿ." ಮೈಲಾರಿ ಹಾಳೆಯೊಳಗಿನ ಹಲ್ಲನ್ನು ನೋಡಿದ. "ಮನಷ್ಯಾರದರಿ. ಸುಡುಗಾಡದ ಬೂದಿ ಐತ್ರಿ ಅದು."

ಬಾಯಿಬಿಟ್ಟ ಮೇಲೆ ಇನ್ನೇನು ಎಂದುಕೊಂಡು ಅವನು ಮುಂದುವರಿಸಿದ.

"ಏನ ಮಾಡ್ಲಿರಿ? ಮೊದಲ ಬೇಕರಿಯವರು ಕೊಡ್ತಿದ್ರು, ಹೋಟೆಲಿನವರು ಕೊಡ್ತಿದ್ರು. ಈಗ ಎಲ್ಲಾರೂ ಗ್ಯಾಸ್ ಹಾಕಿಸ್ಕೊಂಡ ಕುಂತಾರ. ದುರ್ಗದಬೈಲ್ ಪ್ಯಾಟಿ ತುಂಬ ಅಡ್ಡ್ಯಾಡಿದ್ರೂ ಒಂದ ಬುಟ್ಟಿ ಬೂದಿ ಸಿಗವಲ್ದು. ನೀವ ನೋಡಿದ್ರ ವಾರಕ್ಕ ಮೂರ ಗಾಡಿ ಬೇಕಂತೀರಿ. ಕಟಗಿ ಉರಿಸೋ ಜಾಗ ಈ ಊರಾಗ ಅದೊಂದ ಉಳದೈತ್ರಿ. ಮಂದಿ ಬಂದು ಎಲುವು ಆರಿಸ್ಕೊಂಡ ಹೋಗ್ತಾರ, ಬೂದಿ ಅಲ್ಲೆ ಬಿಡ್ತಾರ. ಗಾಳಿಗೆ ಹಾರಿ ಹೋಗೂದು ಅಂತ ತುಂಬ್ಕೊಂಡ ಬಂದೇನ್ರಿ. ಯಾವಾಗಿಂದ ಅಂದ್ರ, ಶಿವರಾತ್ರಿ ಆದಾಗಿಂದ."

ಮುರುಗೆಪ್ಪನವರು ಉಸಿರು ಬಿಟ್ಟರು. ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಹಣೆಯ ಬೆವರು ಒರೆಸಿಕೊಂಡು, ಮೊದಲ ಸಲ ಆ ಹೊತ್ತಿನಲ್ಲಿ ಕುರ್ಚಿಗೆ ಒರಗಿದರು.

"ಅಷ್ಟ ಏನಪಾ! ನಾ ಏನೋ ಅಂತ ಅಂಜಿದ್ದೆ."

ಅಂಜಿಕೆ ಹೋಯಿತಂತೆ! ಕುರಿಯ ಹಲ್ಲಾಗಿದ್ದರೆ ಜಾತಿ ಹೋಗುತ್ತಿತ್ತು, ಮನುಷ್ಯನದು ಎಂದು ಗೊತ್ತಾದ ಕೂಡಲೇ ಜೀವಕ್ಕೆ ತಂಪಾಯಿತು. ಮೈಲಾರಿಗೆ ಮೆಟ್ಟಿಲ ಮೇಲೆ ಕೂರಲು ಹೇಳಿದರು. ಗೌರಕ್ಕ ಅವನಿಗೆ ಚಹಾ ಕಳಿಸಿದರು. ಥೂ, ಇಂಥ ಶುದ್ಧಿಯ ಬಾಯಿಗೆ ಬೂದಿ ಅಲ್ಲದೆ ಇನ್ನೇನು ಬೀಳಬೇಕು!

ಸೌಮ್ಯಾ ಒಳಗೆ ಓಡಿದಳು. ತೊಟ್ಟಿಲಲ್ಲಿ ಕೂಸು ಎಚ್ಚರವಾಗಿತ್ತು. ಹಲ್ಲು ಬರುವ ವಯಸ್ಸು, ಸಿಕ್ಕದ್ದನ್ನೆಲ್ಲ ಬಾಯಿಗಿಡುವ ಕಾಲ. ಹೊದಿಸಿದ್ದ ಹಳೆಯ ಸೀರೆಯ ತುಂಡಿನ ಮೂಲೆಯನ್ನು ಬಾಯಿತುಂಬ ತುಂಬಿಕೊಂಡು ಚಪ್ಪರಿಸಿ ಚೀಪುತ್ತಿತ್ತು. ಅವಳು ಅದನ್ನು ಕಿತ್ತು ಎಳೆದಳು. ಕೂಸು ಕಿರುಚಿತು. ಜೊಲ್ಲಿನಲ್ಲಿ ಒದ್ದೆಯಾದ ಆ ಬಟ್ಟೆಯ ಮೂಲೆ ಅವಳ ಕೈಗೆ ಮೆತ್ತಗೆ, ಬೆಚ್ಚಗೆ ಹತ್ತಿತು. ಬಚ್ಚಲಿಗೆ ಹೋಗಿ ವಾಂತಿ ಮಾಡಿಕೊಂಡಳು. ಹೊಟ್ಟೆ ಖಾಲಿಯಾದರೂ ಓಕರಿಕೆ ನಿಲ್ಲಲಿಲ್ಲ. ಲಂಗೋಟಿ, ಕುಲಾವಿ, ತನ್ನ ಮೊಲೆಗೆ ತಾಗುವ ಕುಬಸ, ದಿಂಬಿನ ಗವಸ, ಎಲ್ಲ ಅದರಲ್ಲೇ ನೆನೆದು ಬಂದವು. ಶಿವರಾತ್ರಿಯಿಂದ ಇಲ್ಲಿಯತನಕ ಯಾರು ಯಾರನ್ನು ಅವಳು ಹಾಲಿನ ಜೊತೆಗೆ ಕೂಸಿಗೆ ಕೊಟ್ಟಳೋ.

ಆ ಸಂಜೆ ಮನೆಯ ನಾಲ್ವರೂ ಪಡಸಾಲೆಯಲ್ಲಿ ಕುಳಿತರು. ಸೌಮ್ಯಾ ಒಂದೇ ಮಾತು ಹೇಳಿದಳು. "ಮಾವಾರ, ಇದನ್ನ ನಿಲ್ಲಸ್ರಿ. ತುಂಬಿಟ್ಟ ಪಾಕೀಟನೂ ಮಂದಿಗೆ ಕೊಡಬ್ಯಾಡ್ರಿ. ಎಲ್ಲಾ ಬಾಣಂತ್ಯಾರ ಮನಿಗೆ ಹೋಗತೈತಿ ಅದು."

"ಹುಚ್ಚಿ ಇದ್ದಿ ನೀನು" ಎಂದರು ಮಾವ, ಸಿಟ್ಟಿಲ್ಲದೆ, ಪ್ರವಚನದ ದನಿಯಲ್ಲಿ. "ಬೆಂಕ್ಯಾಗ ಬೆಂದ ಮ್ಯಾಲೆ ಮೈಲಿಗಿ ಎಲ್ಲಿಂದ ಬಂತು? ಶಿವ ಮೈತುಂಬ ಬಡಕೊಂಡಾನಲ್ಲ, ಅದೇನ ಬೇಕರಿ ಬೂದಿನ? ಚಿತಾಭಸ್ಮ! ನಾವ ಹುಡಿಕ್ಯಾಡಿದ್ರೂ ಸಿಗದ್ದು ತಾನ ಮನಿಗೆ ಬಂದೈತಿ."

"ಹಂಗಾರ ನಾಳಿಂದನೂ ಅದರಾಗ ಹಲ್ಲ ತಿಕ್ಕತೀರೇನ್ರಿ?"

ಮುರುಗೆಪ್ಪನವರು ಕೆಮ್ಮಿದರು. ಗೌರಕ್ಕ ನಡುವೆ ಬಾಯಿ ಹಾಕಿದರು. ಮನೆ ನಡೆಸಿದ ಹೆಂಗಸು, ಎಲ್ಲದಕ್ಕೂ ಒಂದು ದಾರಿ ಇಟ್ಟುಕೊಂಡವರು.

"ಅಷ್ಟ ಅಸಹ್ಯ ಅನಸಿದ್ರ ಬ್ಯಾಡ ಬಿಡು. ನಮ್ಮ ಮನಿ ಅರಿವಿ ನಾಳಿಂದ ಸಾಬೂನದಾಗ ಒಗಿಯೂಣು, ಕೂಸಿನವೂ ಅದರಾಗನ. ದೇವರ ಪೂಜಾದ ಅರಿವಿ ಅಂತೂ ಮೊದಲಿಗೆ. ಮಂದೀದು ಮಂದಿಗೆ. ಅವರಿಗೇನ ಗೊತ್ತೈತಿ?"

"ಗೊತ್ತಿಲ್ಲದವರಿಗೆ ಏನೂ ಆಗಂಗಿಲ್ಲ" ಎಂದ ಕುಮಾರಸ್ವಾಮಿ. ಅವನು ಇಡೀ ದಿನದಲ್ಲಿ ಆಡಿದ ಮಾತು ಅದೊಂದೇ. ಆಡದಿದ್ದರೆ ಚೆನ್ನಾಗಿತ್ತು.

ಸೌಮ್ಯಾ ಗಂಡನ ಮುಖ ನೋಡಿದಳು. ಇವನದೇ ಕೈ ರಾತ್ರಿ ತನ್ನ ಮೈಮೇಲೆ ಬೀಳುತ್ತದೆ ಎಂದು ನೆನಪಾಗಿ ಮೈ ಜುಮ್ಮೆಂದಿತು. ಹಲ್ಲಿನ ಹೇಸಿಗೆ ಹೊಟ್ಟೆಯದು, ವಾಂತಿಯಾದರೆ ಇಳಿಯುತ್ತದೆ. ಈ ಹೇಸಿಗೆಗೆ ಹೊರಗೆ ಬರಲು ದಾರಿಯೇ ಇರಲಿಲ್ಲ. ನಮಗೆ ಬೇಡ, ಮಂದಿಗೆ ನಡೆಯುತ್ತದೆ. ಹಳ್ಳದ ನೊರೆಗೆ ಕಣ್ಣೀರು ಹಾಕಿದ ಮನೆಯ ತೀರ್ಮಾನ ಅದು.

ಮುಂದಿನ ಸೋಮವಾರ ಓಣಿಯ ಶರಣೆಯರ ಬಳಗದ ಸಭೆ. ಸಭೆ ಎಂದರೆ ಸಣ್ಣ ಮಠದ ಪಡಸಾಲೆಯಲ್ಲಿ ಹೆಂಗಸರು ಸೇರುವುದು, ವಚನ ಹಾಡುವುದು, ಉಪ್ಪಿಟ್ಟು ತಿನ್ನುವುದು. ಅಂದು ಅದರ ಜೊತೆಗೆ ಗೀತಾಂಜಲಿಗೆ ಉಡಿ ತುಂಬುವುದಿತ್ತು. ಗೀತಾಂಜಲಿ ಹಿಂದಿನ ಓಣಿಯ ಹುಡುಗಿ, ಚೊಚ್ಚಲ ಬಸುರಿ, ಹೆರಿಗೆಗೆಂದು ತವರಿಗೆ ಬಂದವಳು. ಅವಳ ತಾಯಿ ಸೌಮ್ಯಾಳ ಕೂಸಿನ ಕಾಲು ಎತ್ತಿ ನೋಡಿ ಹೋದವರಲ್ಲಿ ಒಬ್ಬಳು. ಹುಟ್ಟುವ ಕೂಸಿಗೆ ಈಗಿನಿಂದಲೇ ಶುಭ್ರ ಭಸ್ಮ ಬೇಕೆಂದು ಹೇಳಿಟ್ಟಿದ್ದಳು. ಮುರುಗೆಪ್ಪನವರಿಗೆ ಭಾಷಣಕ್ಕೆ ಕರೆ ಬಂದಿತ್ತು. ಚೀಲದ ತುಂಬ ಪಾಕೀಟು ಹೊರಿಸಿಕೊಂಡು ಬಾಳವ್ವನನ್ನೂ ಕರೆದೊಯ್ದರು. ಅವಳು ಹೊರಗೆ ಬಾಗಿಲ ಪಕ್ಕ, ಚಪ್ಪಲಿಗಳ ಸಾಲಿನಲ್ಲಿ ಚೀಲ ಹಿಡಿದು ನಿಂತಳು.

ಸೌಮ್ಯಾ ಕೂಸನ್ನು ಎತ್ತಿಕೊಂಡು ಹಿಂದೆ ಕುಳಿತಿದ್ದಳು. ಕುಲ ಒಂದೇ, ಹುಟ್ಟು ಒಂದೇ ಎಂಬ ಅರ್ಥದ ವಚನವನ್ನು ಹೆಂಗಸರು ತಾಳ ಹಾಕಿ ಹಾಡಿ ಮುಗಿಸಿದರು. ಮುರುಗೆಪ್ಪನವರು ನೊರೆಯ ಕಥೆ ಹೇಳಿದರು. ಆಮೇಲೆ ಗೀತಾಂಜಲಿಯನ್ನು ಮಣೆಯ ಮೇಲೆ ಕೂರಿಸಿದರು. ಅವಳು ಹೊಸ ಇಳಕಲ್ ಸೀರೆಯ ಸೆರಗನ್ನು ಎರಡೂ ಕೈಯಲ್ಲಿ ಹರವಿ ಹಿಡಿದಳು. ಅಕ್ಕಿ ಬಿತ್ತು, ತೆಂಗಿನಕಾಯಿ ಬಿತ್ತು, ಉತ್ತತ್ತಿ, ಅರಿಷಿಣ ಕೊಂಬು, ಕುಬಸದ ಖಣ ಬಿದ್ದವು. ಗೌರಕ್ಕ ಎದ್ದು ಬಂದು, ಎಲ್ಲರಿಗೂ ಕಾಣುವಂತೆ ಶುಭ್ರ ಭಸ್ಮದ ಪಾಕೀಟೊಂದನ್ನು ಮೇಲೆತ್ತಿದರು.

"ಕೂಸಿನ ಮೊದಲ ಲಂಗೋಟಿ ಇದರಾಗನ ಒಗೀರಿ" ಎಂದು ಬಸುರಿಯ ಉಡಿಯ ಮೇಲೆ ಬಾಗಿದರು.

"ಅತ್ತಿ, ಹಾಕಬ್ಯಾಡ್ರಿ!"

ಸೌಮ್ಯಾ ಯಾವಾಗ ಎದ್ದು ನಿಂತಳೋ ಅವಳಿಗೇ ಗೊತ್ತಿರಲಿಲ್ಲ. "ಅದು ಸುಡುಗಾಡ ಬೂದಿ ಐತಿ. ಹೆಣಾ ಸುಟ್ಟದ್ದು. ಜರಡಿಯೊಳಗ ಹಲ್ಲು ಸಿಕ್ಕೈತಿ. ಅಕ್ಕಿ ಜೋಡಿ ಅದನ್ನ ಅಕಿ ಉಡ್ಯಾಗ ಹಾಕಬ್ಯಾಡ್ರಿ."

ಗೀತಾಂಜಲಿ ಸೆರಗು ಹಿಡಿದ ಕೈ ಸಡಿಲಿಸಲಿಲ್ಲ, ಬಾಯಿ ಮಾತ್ರ ತೆರೆಯಿತು. ಗೌರಕ್ಕ ಬಗ್ಗಿದವರು ಬಗ್ಗಿದಂತೆಯೇ ನಿಂತರು. ಸೌಮ್ಯಾಳಿಗೆ ಎದೆಯ ಕಲ್ಲು ಇಳಿದಂತಾಯಿತು. ಮುಗಿಯಿತು, ಇನ್ನು ಈ ಪುಡಿಯನ್ನು ಯಾರೂ ಮುಟ್ಟುವುದಿಲ್ಲ ಎಂದುಕೊಂಡಳು.

ಮುರುಗೆಪ್ಪನವರು ಗಂಟಲು ಸರಿಮಾಡಿಕೊಂಡರು. ವ್ಯಾಪಾರಿ ಮನುಷ್ಯ, ಸರಕು ತೊಯ್ದರೂ ಮಾರಬಲ್ಲವರು. ಸೊಸೆ ಬಾಣಂತಿ, ತಲೆ ಸ್ವಲ್ಪ ಹಗುರಾಗಿದೆ ಎಂದರು. ಸುಳ್ಳು ಎಂದು ಮಾತ್ರ ಹೇಳಲಿಲ್ಲ. ಶಿವನ ಮೈಮೇಲಿನದು ಯಾವ ಭಸ್ಮ, ಬೆಂಕಿಯನ್ನು ದಾಟಿ ಬಂದದ್ದಕ್ಕೆ ಮೈಲಿಗೆ ಉಂಟೇ ಎಂದು ಮತ್ತೆ ಪ್ರವಚನ ತೆಗೆದರು. ಹೆಂಗಸರು ಕೇಳಿದರು. ಕೆಲವರು ತಲೆಯಾಡಿಸಿದರು.

ಬಳಗದ ಹಿರಿಯಳೊಬ್ಬಳು ಮುಂದೆ ಸರಿದು ಕೇಳಿದಳು. "ಶಿವಂದು ಅಂದ್ರ ಅಡ್ಡಿ ಇಲ್ಲರಿ. ಖರೆ, ಒಂದ ಮಾತು. ನಮ್ಮವರದಂತೂ ಅಲ್ಲ, ನಾವ ಸುಡಂಗಿಲ್ಲ, ಹೂಳತೀವಿ. ಹಂಗಾರ ಯಾವ ಮಂದಿ ಸುಡುಗಾಡರಿ ಅದು?"

ಸೌಮ್ಯಾಳಿಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದಾಗ ಮೈಯೆಲ್ಲ ಮುಳ್ಳೆದ್ದಿತು. ಬಸುರಿಯ ಮಡಿಲಿಗೆ ಸತ್ತವರ ಹಲ್ಲು, ಎಲುಬು ಬೀಳುತ್ತಿದೆ. ಇವರಿಗೆ ಸತ್ತವರ ಜಾತಿ ಬೇಕು!

"ದೊಡ್ಡ ಮಂದೀದರಿ, ದೊಡ್ಡ ಮಂದೀದು" ಎಂದರು ಮುರುಗೆಪ್ಪನವರು, ಬಲು ಚುರುಕಾಗಿ. "ಮಡಿವಂತರು. ತುಪ್ಪ ಹಾಕಿ ಸುಡ್ತಾರ."

ಪಡಸಾಲೆಯ ಉಸಿರು ಸಡಿಲಾಯಿತು. ಯಾರೋ "ಹಂಗಂದ್ರ ಆತು" ಎಂದರು. ಇನ್ನೊಬ್ಬಳು "ತುಪ್ಪದಾಗ ಸುಟ್ಟದ್ದಂದ್ರ ವಾಸನೀನೂ ಇರಂಗಿಲ್ಲ" ಎಂದಳು. ಗೀತಾಂಜಲಿಯ ತಾಯಿ ಮಗಳ ಸೆರಗನ್ನು ಸರಿಯಾಗಿ ಹರವಿ, "ಹಾಕ್ರಿ ಗೌರಕ್ಕಾರ" ಎಂದಳು. ಗೌರಕ್ಕ ಸೊಸೆಯ ಕಡೆ ಒಂದು ನೋಟ ಬೀರಿ ಮತ್ತೆ ಬಾಗಿದರು.

ನಿಜ ಹೇಳಿ ಆಗಿತ್ತು. ನಿಜಕ್ಕೆ ಇಲ್ಲಿ ಕವಡೆ ಕಿಮ್ಮತ್ತಿರಲಿಲ್ಲ. ಇವರನ್ನು ಏನು ತಡೆಯುತ್ತದೆ ಎಂಬುದು ಈಗ ಸೌಮ್ಯಾಳಿಗೆ ಸ್ಪಷ್ಟವಾಗಿ ಗೊತ್ತಾಗಿತ್ತು. ಪಾಕೀಟು ಸೆರಗಿಗೆ ಇನ್ನೇನು ತಾಗಬೇಕು.

"ಸುಳ್ಳು!" ಎಂದಳು. "ಮಾವಾರು ಸುಳ್ಳ ಹೇಳ್ತಾರ. ಅದು ಹಳ್ಳದಾಚಿ ಕೇರಿಯವರ ಸುಡುಗಾಡದ್ದು. ಮೈಲಾರಿ ನನ್ನ ಮುಂದ ಹೇಳ್ಯಾನ."

ಗೀತಾಂಜಲಿಯ ತಾಯಿ ಕಿರುಚಿ ಮಗಳ ಸೆರಗನ್ನು ಕೊಡವಿದಳು. ಅಕ್ಕಿ ಚೆಲ್ಲಿತು, ತೆಂಗಿನಕಾಯಿ ಉರುಳಿ ಗೋಡೆಗೆ ಬಡಿಯಿತು. ಗೌರಕ್ಕನ ಕೈಯಿಂದ ಪಾಕೀಟು ಜಾರಿ ಒಡೆದು, ನಗುವ ಕೂಸಿನ ಬಾಯಿಂದ ಬೂದಿ ಸುರಿಯಿತು. "ಹೊಲಸು, ಹೊಲಸು" ಎನ್ನುತ್ತ ಹೆಂಗಸರು ಮಠದ ಹಿಂದಿನ ನಲ್ಲಿಗೆ ಓಡಿದರು. ಒಬ್ಬರನ್ನೊಬ್ಬರು ನೂಕಿದರು. ಹೆಣದ ಬೂದಿ ಎಂದಾಗ ಕುಳಿತಲ್ಲೇ ಕುಳಿತಿದ್ದವರು ಈಗ ಮೊಣಕೈತನಕ ಉಜ್ಜಿ ತೊಳೆದರು, ಸಾಬೂನು ಎಲ್ಲಿ, ಸಾಬೂನು ಕೊಡ್ರಿ ಎಂದು ಕೂಗಿದರು. ನಲ್ಲಿಯ ಕೆಳಗಿನ ಗಟಾರದಲ್ಲಿ ನೊರೆ ಉಕ್ಕಿ ಹರಿಯಿತು. ಮುರುಗೆಪ್ಪನವರು ವೇದಿಕೆಯ ಕುರ್ಚಿಯಲ್ಲಿ ಒಬ್ಬರೇ ಕುಳಿತು, ಅದೆಲ್ಲ ಸುಳ್ಳು, ಸುಳ್ಳು ಎನ್ನುತ್ತಿದ್ದರು. ಅದನ್ನು ಕೇಳುವವರು ಯಾರೂ ಇರಲಿಲ್ಲ.

ಶುಭ್ರ ಭಸ್ಮ ಅಂದಿಗೇ ಸತ್ತಿತು. ಸಂಜೆಯೊಳಗೆ ಓಣಿಯ ಮನೆಮನೆಯಿಂದ ಪಾಕೀಟುಗಳು ಕಂಪೌಂಡಿನೊಳಗೆ ಬಂದು ಬೀಳಲಿದ್ದವು. ಸೌಮ್ಯಾ ಗೆದ್ದಿದ್ದಳು. ಕೂಸನ್ನು ಬಿಗಿಯಾಗಿ ಹಿಡಿದುಕೊಂಡು ಹೊರಬಾಗಿಲಿಗೆ ಬಂದಳು.

ಬಾಗಿಲ ಪಕ್ಕ ಬಾಳವ್ವ ಇನ್ನೂ ನಿಂತಿದ್ದಳು. ಚೀಲ ಕೈಯಲ್ಲಿರಲಿಲ್ಲ, ಗೋಡೆಗೆ ಒರಗಿತ್ತು. ಅವಳು ಅಳುತ್ತಿರಲಿಲ್ಲ, ಸಿಟ್ಟಿನಲ್ಲಿಯೂ ಇರಲಿಲ್ಲ. ಹಿತ್ತಲಲ್ಲಿ ಅಂಗೈ ಚಾಚಿ ಹಲ್ಲು ತೋರಿಸಿದ ಆ ಹೆಂಗಸು ಈಗ ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಿದ್ದಳು. ಸೌಮ್ಯಾ ಏನೋ ಹೇಳಲು ಬಾಯಿ ತೆರೆದಳು.

"ನಮ್ಮ ಮಂದಿನೂ ಸುಡಂಗಿಲ್ಲರಿ ಅಕ್ಕಾರ" ಎಂದಳು ಬಾಳವ್ವ. "ನಾವೂ ಹೂಳತೀವಿ."